ಪ್ರಮೀಳಾ ಜಯಪಾಲ್ ಮೊದ್ಲು ಯಾರ ಕೆಲಸ ಮಾಡಿದ್ರು ಅಂತ ನೋಡಿ

ನಮ್ಮ ವಾಟ್ಸಾಪ್ ಗ್ರೂಪ್‌ಗಳಲ್ಲಿ ಪ್ರಮೀಳಾ ಜಯಪಾಲ್ ಹೆಸರು ಬಂದಾಗೆಲ್ಲ ಎರಡೇ ಥರ ಮಾತು ಕೇಳ್ಸುತ್ತೆ. ಒಂದು, ಅಮೆರಿಕದ ಸಂಸತ್ತಿನ ಕೆಳಮನೆ ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್‌ಗೆ ಗೆದ್ದ ಮೊದಲ ಭಾರತೀಯ ಮೂಲದ ಹೆಣ್ಮಗಳು, ಹೆಮ್ಮೆ ಅನ್ನೋದು. ಇನ್ನೊಂದು, 2019ರಲ್ಲಿ ಕಾಶ್ಮೀರದ ಬಗ್ಗೆ ನಿರ್ಣಯ ಮಂಡಿಸಿದ್ರಲ್ಲ, ಆ ಸಿಟ್ಟು. ಆ ನಿರ್ಣಯದ ಬಗ್ಗೆ ನಂಗೂ ಹೇಳೋದಿದೆ, ಅದು ಇನ್ನೊಂದು ದಿನದ ಮಾತು. ಆದ್ರೆ ಈ ಹೆಮ್ಮೆಯಲ್ಲೂ ಆ ಸಿಟ್ಟಲ್ಲೂ ಅವರು ಅಲ್ಲಿಗೆ ಹೋಗಿದ್ದು ಹೇಗೆ ಅನ್ನೋ ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರಲ್ಲ. ನಾನು ವಾಷಿಂಗ್ಟನ್ ರಾಜ್ಯದ ಸಿಯಾಟಲ್ ಪಕ್ಕದ ರೆಡ್ಮಂಡ್‌ನಲ್ಲಿರೋದು, ಅವರ ಕ್ಷೇತ್ರ ಅಲ್ಲ ಇದು, ಅವರಿಗೆ ವೋಟ್ ಹಾಕೋ ಅವಕಾಶ ನಂಗಿಲ್ಲ, ಆದ್ರೂ ಇಲ್ಲಿ ನಮ್ಮ ಕನ್ನಡದ ಹೆಣ್ಮಕ್ಳು ಎಷ್ಟೆಲ್ಲ ಕೆಲಸ ಮಾಡ್ತಾರೆ ಅನ್ನೋದನ್ನ ದಿನಾ ನೋಡ್ತಿರೋಳಾಗಿ ಈ ಕಥೇನ ನಾವು ಸರಿಯಾಗಿ ಓದ್ಬೇಕು ಅಂತ ಬಹಳ ದಿನದಿಂದ ಅನ್ನಿಸ್ತಿತ್ತು, ಅದಕ್ಕೇ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ.

ಅವರು ಹುಟ್ಟಿದ್ದು 1965ರಲ್ಲಿ ಚೆನ್ನೈನಲ್ಲಿ, ಮಲಯಾಳಿ ಕುಟುಂಬ, ಬೆಳೆದದ್ದು ಇಂಡೋನೇಷ್ಯಾ ಮತ್ತು ಸಿಂಗಾಪುರದಲ್ಲಿ. ಅಪ್ಪ ಅಮ್ಮ ಆಮೇಲೆ ಬೆಂಗಳೂರಿಗೆ ಬಂದು ನೆಲೆಸಿದ್ರು, ಹಾಗಾಗಿ ನಮ್ಮೂರಿನ ನಂಟೂ ಇದೆ. 2021ರ ಕೋವಿಡ್ ಎರಡನೇ ಅಲೇಲಿ ಇಬ್ಬರಿಗೂ ಕಾಯಿಲೆ ಬಂದಾಗ ಮಗಳು ಅಮೆರಿಕದಿಂದ ಬೆಂಗಳೂರಿಗೆ ಓಡಿಬಂದಿದ್ರು. 1982ರಲ್ಲಿ, ಹದಿನಾರನೇ ವಯಸ್ಸಿಗೆ ಒಬ್ಬರೇ ಅಮೆರಿಕಕ್ಕೆ ಬಂದು ಜಾರ್ಜ್‌ಟೌನ್ ಯೂನಿವರ್ಸಿಟಿ ಸೇರಿದ್ದು. ಅಪ್ಪನ ಬ್ಯಾಂಕ್ ಅಕೌಂಟಲ್ಲಿ ಇದ್ದಿದ್ದು ಸುಮಾರು 5000 ಡಾಲರ್, ಅಷ್ಟನ್ನೂ ಮಗಳನ್ನ ಕಳಿಸೋಕೆ ಹಾಕಿದ್ರು ಅಂತ ಅವರೇ ಎಷ್ಟೋ ಕಡೆ ಹೇಳ್ಕೊಂಡಿದಾರೆ. ಡಾಕ್ಟರೋ ಲಾಯರೋ ದೊಡ್ಡ ಕಂಪ್ನಿ ಮುಖ್ಯಸ್ಥೆಯೋ ಆಗ್ಬೇಕು ಅನ್ನೋ ಮನೆ ಆಸೆ ಒಂದು ಕಡೆ, ಇವರು ನೋಡಿದ್ರೆ ಇಂಗ್ಲಿಷ್ ಸಾಹಿತ್ಯ ಓದ್ತೀನಿ ಅಂತ ಅಪ್ಪಂಗೆ ಫೋನ್ ಮಾಡಿದ್ರು. ಆದ್ರೂ ಮನೆಯವರ ಸಮಾಧಾನಕ್ಕೆ ಅನ್ನೋ ಹಾಗೆ ವಾಲ್ ಸ್ಟ್ರೀಟಲ್ಲಿ ಕೆಲಸ, ಆಮೇಲೆ ನಾರ್ತ್‌ವೆಸ್ಟರ್ನ್‌ನಲ್ಲಿ ಎಂಬಿಎ. ಅಲ್ಲಿಂದ ಸಿಯಾಟಲ್‌ಗೆ ಬಂದು ಆರೋಗ್ಯ ಕ್ಷೇತ್ರದ ಲಾಭರಹಿತ ಸಂಸ್ಥೆ ಒಂದರಲ್ಲಿ ಕೆಲಸ ಹಿಡಿದ್ರು.

ಇಲ್ಲಿ ವೀಸಾ ಲೈನಲ್ಲಿ ನಿಂತಿರೋರೆಲ್ಲ ಓದ್ಬೇಕಾದ ಒಂದು ಭಾಗ ಇದೆ. 1995ರಲ್ಲಿ ಫೆಲೋಶಿಪ್ ಮೇಲೆ ಎರಡು ವರ್ಷಕ್ಕೆ ಅಂತ ಭಾರತಕ್ಕೆ ಹೋದ್ರು, ಕೈಯಲ್ಲಿ ಗ್ರೀನ್ ಕಾರ್ಡ್, ಅಂದ್ರೆ ಅಮೆರಿಕದಲ್ಲಿ ಕಾಯಂ ಇರೋ ಪರವಾನಗಿ, ಇತ್ತು. ವಾಪಸ್ ಬರೋ ಗಡುವು ಹತ್ರ ಬರೋ ಹೊತ್ತಿಗೆ ಅಲ್ಲೇ ಮಗು ದಿನ ತುಂಬೋಕೆ ಬಹಳ ಮುಂಚೆನೇ ಹುಟ್ಟಿಬಿಡ್ತು, ಜೀವ ಉಳಿಯುತ್ತೋ ಇಲ್ವೋ ಅನ್ನೋ ಸ್ಥಿತಿ, ಅಂಥ ಕೂಸನ್ನ ವಿಮಾನ ಹತ್ತಿಸೋಕೆ ಆಗುತ್ತಾ. ಗಡುವು ದಾಟಿತು, ಗ್ರೀನ್ ಕಾರ್ಡ್ ಸ್ಟೇಟಸ್ ಹೋಯ್ತು. ಗಂಡ ಅಮೆರಿಕನ್ ಸಿಟಿಜನ್ ಆಗಿದ್ದಕ್ಕೆ ವಾಪಸ್ ಬರೋಕೆ ದಾರಿ ಸಿಕ್ತು, ಆದ್ರೆ ಸಿಟಿಜನ್ ಆಗೋಕೆ ಬೇಕಾದ ವರ್ಷಗಳ ಲೆಕ್ಕ ಮತ್ತೆ ಮೊದಲಿಂದ. ಸಿಟಿಜನ್ ಆಗಿದ್ದು 2000ರಲ್ಲಿ, ಬಂದು ಹದಿನೇಳು ವರ್ಷ ಕಳೆದ ಮೇಲೆ. ಇದನ್ನ ಯಾಕೆ ಹೇಳ್ತೀನಿ ಅಂದ್ರೆ, ಈ ದೇಶದ ಇಮಿಗ್ರೇಶನ್ ಕಾನೂನು ಎಷ್ಟು ಓದಿದೋರನ್ನೂ ಎಂಥ ಗೋಳು ಹುಯ್ಕೊಳ್ಳುತ್ತೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಮೈಮೇಲೇ ಅನುಭವಿಸಿದ್ರು.

ಸಿಟಿಜನ್ ಆದ ಮರುವರ್ಷವೇ ಸೆಪ್ಟೆಂಬರ್ 11ರ ದಾಳಿ.

ಆ ದಿನಗಳಲ್ಲಿ ಇಲ್ಲಿದ್ದ ಹಿರಿಯರನ್ನ ಕೇಳಿ ನೋಡಿ. ನಾಲ್ಕೇ ದಿನಕ್ಕೆ ಅರಿಜೋನಾದ ಮೇಸಾದಲ್ಲಿ ಬಲ್‌ಬೀರ್ ಸಿಂಗ್ ಸೋಧಿ ಅನ್ನೋ ಸಿಖ್ಖರನ್ನ ಅವರದೇ ಪೆಟ್ರೋಲ್ ಬಂಕ್ ಮುಂದೆ ಗುಂಡು ಹೊಡೆದು ಕೊಂದ್ರು, ಪೇಟ ನೋಡಿ. ಸಿಯಾಟಲ್‌ನಲ್ಲೇ ನಾರ್ತ್‌ಗೇಟ್ ಹತ್ರದ ಇದ್ರಿಸ್ ಮಸೀದಿ ಪಾರ್ಕಿಂಗ್‌ನಲ್ಲಿ ಒಬ್ಬ ಕಾರುಗಳಿಗೆ ಪೆಟ್ರೋಲ್ ಸುರಿದು ಬೆಂಕಿ ಹಚ್ಚೋಕೆ ಹೋದ, ತಡೆಯೋಕೆ ಬಂದೋರ ಮೇಲೆ ಗನ್ ತೆಗೆದ. ಆಮೇಲೆ ಅಕ್ಕಪಕ್ಕದ ಮನೆಯ ಜನ, ಚರ್ಚಿಗೆ ಹೋಗೋರು ಸಿನಗಾಗ್‌ಗೆ ಹೋಗೋರು ಎಲ್ಲ ಸೇರಿ ಪಾಳಿ ಹಾಕ್ಕೊಂಡು ಆ ಮಸೀದಿ ಕಾವಲು ಕಾದ್ರು. ಹೆದರಿಕೆ ಇದ್ದಿದ್ದು ನಿಜ, ಜೊತೆಗೆ ಅಂಥ ಜನರೂ ಇದ್ರು ಈ ಊರಲ್ಲಿ.

ಜಯಪಾಲ್ ಮಾಡಿದ್ದು ಏನು ಅಂದ್ರೆ, ತಮ್ಮ ಕ್ಷೇತ್ರದ ಕಾಂಗ್ರೆಸ್ (ಅಂದ್ರೆ ಅಮೆರಿಕದ ಸಂಸತ್ತು) ಸದಸ್ಯ ಜಿಮ್ ಮೆಕ್‌ಡರ್ಮಟ್ ಹತ್ರ ಹೋಗಿ, ವಾಷಿಂಗ್ಟನ್ ರಾಜ್ಯವನ್ನ ಹೇಟ್ ಫ್ರೀ ಝೋನ್, ದ್ವೇಷಕ್ಕೆ ಜಾಗ ಇಲ್ಲದ ಊರು, ಅಂತ ಘೋಷಣೆ ಮಾಡ್ಬೇಕು ಅಂತ ಕೇಳಿದ್ರು. ಮೆಕ್‌ಡರ್ಮಟ್ ಒಪ್ಪಿದ್ರು. ಹೇಟ್ ಫ್ರೀ ಝೋನ್ ಅನ್ನೋದೇ ಆಮೇಲೆ ಸಂಸ್ಥೆಯ ಹೆಸರೂ ಆಯ್ತು. ಶುರುವಲ್ಲಿ ದುಡ್ಡೂ ಇಲ್ಲ ಏನೂ ಇಲ್ಲ, ಜನ ಬಂದು ಕಷ್ಟ ಹೇಳ್ಕೊಳ್ಳೋರು, ಇವರು ವಕೀಲರನ್ನ ಹುಡುಕೋರು. ಹದಿನೈದು ವರ್ಷ ಆದ್ಮೇಲೆ ಅದೇ ಮೆಕ್‌ಡರ್ಮಟ್ ನಿವೃತ್ತಿ ಆದಾಗ ಅದೇ ಸೀಟಿಗೆ ಗೆದ್ದಿದ್ದು ಇವರೇ. ಆದ್ರೆ ಅಲ್ಲಿಗೆ ಹಾರೋದು ಬೇಡ ಈಗ್ಲೇ, ನಡುವೆ ಇರೋದೇ ಮುಖ್ಯ.

2001ರ ನವೆಂಬರ್. ದಕ್ಷಿಣ ಸಿಯಾಟಲ್‌ನಲ್ಲಿ ಸೋಮಾಲಿ ಜನ ಜಾಸ್ತಿ, ಟ್ಯಾಕ್ಸಿ ಓಡಿಸೋರು, ಏರ್‌ಪೋರ್ಟಲ್ಲಿ ದುಡಿಯೋರು. ಊರಲ್ಲಿರೋ ಅಮ್ಮಂಗೆ ತಂಗಿಗೆ ದುಡ್ಡು ಕಳಿಸೋಕೆ ಬರಕಾತ್ ಅನ್ನೋ ಹವಾಲಾ ಆಫೀಸ್ ಇತ್ತು, ಸೋಮಾಲಿಯಾದಲ್ಲಿ ನೆಟ್ಟಗೆ ಒಂದು ಬ್ಯಾಂಕೂ ಇಲ್ಲದ ಕಾಲ ಅದು, ಬೇರೆ ದಾರಿನೇ ಇರಲಿಲ್ಲ. ಭಯೋತ್ಪಾದಕರ ದುಡ್ಡು ಅನ್ನೋ ಅನುಮಾನದ ಮೇಲೆ ಕೇಂದ್ರದ ಏಜೆಂಟರು ಅಲ್ಲಿಗೆ ರೇಡ್ ಬಂದ್ರು. ಬಂದೋರು ಹವಾಲಾ ಆಫೀಸ್ ಒಂದನ್ನೇ ಮುಟ್ಟಿದ್ರೆ ಒಂದು ಮಾತು, ಅದೇ ಕಟ್ಟಡದಲ್ಲಿದ್ದ ದಿನಸಿ ಅಂಗಡಿ ಸಾಮಾನನ್ನೂ ಬಾಚಿಕೊಂಡು ಹೋದ್ರು. ಯೋಚನೆ ಮಾಡಿ, ಸಾಲ ಸೋಲ ಮಾಡಿ ಇಟ್ಟ ಅಂಗಡಿ, ಶೆಲ್ಫ್ ಎಲ್ಲ ಖಾಲಿ, ಮಾಂಸ ಇಟ್ಟಿದ್ದ ಫ್ರಿಜ್ ಖಾಲಿ, ಯಾರನ್ನ ಕೇಳ್ಬೇಕು ಅಂತಾನೂ ಗೊತ್ತಿಲ್ಲ, ಕೇಳಿದ್ರೆ ನಿನ್ನೂ ಎಳ್ಕೊಂಡು ಹೋಗ್ತಾರೆ ಅನ್ನೋ ಭಯ ಬೇರೆ. ಆ ಅಂಗಡಿಯವರ ಜೊತೆ ನಿಂತಿದ್ದು ಹೇಟ್ ಫ್ರೀ ಝೋನ್.

ನಂಗೆ ಈ ಇಡೀ ಕಥೇಲಿ ಬಹಳ ದೊಡ್ಡದು ಅನ್ನಿಸೋದು ಇದೇ. ಅವರು ಸೋಮಾಲಿ ಅಲ್ಲ, ಮುಸ್ಲಿಂ ಅಲ್ಲ, ಆ ಭಾಷೆ ಬರಲ್ಲ. ಎಂಬಿಎ ಮಾಡಿದ ಮಲಯಾಳಿ ಹೆಣ್ಮಗಳು, ಕೈಯಲ್ಲಿ ಹೊಸದಾಗಿ ಬಂದ ಪಾಸ್‌ಪೋರ್ಟ್, ತಣ್ಣಗೆ ಮನೇಲಿ ಇರಬಹುದಿತ್ತು. ದೀಪಾವಳಿ ಫಂಕ್ಷನ್ ಮಾಡ್ಕೊಂಡು ನಾವು ಬೇರೆ ಅವರು ಬೇರೆ ಅಂತ ತೋರಿಸ್ಕೊಳ್ಳೋ ದಾರಿನೂ ಇತ್ತು, ಆ ಕಾಲದಲ್ಲಿ ಬಹಳ ಜನ ಹಿಡಿದಿದ್ದು ಅದೇ ದಾರಿ. ಇವರು ಹೋಗಿದ್ದು ಎಲ್ಲರಿಗಿಂತ ಹೆಚ್ಚು ಪೆಟ್ಟು ಬೀಳ್ತಿದ್ದೋರ ಹತ್ರ.

ಮುಂದೆ ಅದು ಕೋರ್ಟಿಗೆ ಹೋಯ್ತು. ಸರ್ಕಾರ ಸೋಮಾಲಿಗಳನ್ನ ಡಿಪೋರ್ಟ್ ಮಾಡೋಕೆ ಹೊರಟಿತ್ತು, ಆದ್ರೆ ಸೋಮಾಲಿಯಾದಲ್ಲಿ ಅವರನ್ನ ವಾಪಸ್ ತಗೊಳ್ಳೋಕೆ ಒಂದು ಸರ್ಕಾರವೇ ಇರಲಿಲ್ಲ. ಆ ಅಂಶ ಹಿಡ್ಕೊಂಡು ಕೇಸ್ ಹಾಕಿದ್ರು, ಬುಷ್ ಸರ್ಕಾರದ ಅಟಾರ್ನಿ ಜನರಲ್ ಆಶ್‌ಕ್ರಾಫ್ಟ್ ವಿರುದ್ಧ. ಸಿಯಾಟಲ್‌ನ ಫೆಡರಲ್ ಜಡ್ಜ್ ಮಾರ್ಷಾ ಪೆಕ್‌ಮನ್ 2003ರ ಜನವರಿಯಲ್ಲಿ ಇಡೀ ದೇಶಕ್ಕೆ ಅನ್ವಯ ಆಗೋ ಹಾಗೆ ತಡೆ ಕೊಟ್ರು. 4000ಕ್ಕೂ ಹೆಚ್ಚು ಸೋಮಾಲಿಗಳ ಡಿಪೋರ್ಟೇಶನ್ ನಿಂತಿತು. ಎಂಥ ಗೆಲುವು ಅಲ್ವಾ. ಆದ್ರೆ ಎರಡು ವರ್ಷ ಕಳೀತು, ಮಿನ್ನೆಸೋಟಾದಿಂದ ಬಂದ ಬೇರೆ ಒಂದು ಕೇಸಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ, ಅಲ್ಲಿಯ ಸರ್ಕಾರದ ಒಪ್ಪಿಗೆ ಬೇಕಿಲ್ಲ, ಕಳಿಸಬಹುದು ಅಂತ ಹೇಳಿಬಿಡ್ತು. ಕೋರ್ಟಲ್ಲಿ ಸಿಕ್ಕಿದ್ದು ಕೋರ್ಟಲ್ಲೇ ಹೋಯ್ತು, ಯಾಕಂದ್ರೆ ಕಾನೂನಿನ ಸಾಲಲ್ಲೇ ಆ ಸಂದು ಇತ್ತು, ಆ ಸಾಲು ಬರೆಯೋದು ಕೋರ್ಟಲ್ಲ, ಕಾಂಗ್ರೆಸ್.

ಅದಾದ್ಮೇಲೆ ಮಾಡಿದ ಕೆಲಸ ನೋಡಿದ್ರೆ ಈ ಪಾಠ ಎಷ್ಟು ಆಳಕ್ಕೆ ಇಳಿದಿತ್ತು ಅಂತ ಕಾಣುತ್ತೆ. 2008ರಲ್ಲಿ ಸಂಸ್ಥೆ ಹೆಸರು ವನ್‌ಅಮೆರಿಕ ಆಯ್ತು. ಕಷ್ಟ ಬಂದಾಗ ಓಡೋ ಕೆಲಸದ ಜೊತೆಗೆ ಈಗ ಸಿಟಿಜನ್‌ಶಿಪ್ ಕ್ಲಿನಿಕ್‌ಗಳು ಬಂದ್ವು, ಶನಿವಾರ ಒಂದು ಹಾಲ್ ಹಿಡಿದು ವಕೀಲರನ್ನ ವಾಲಂಟಿಯರ್‌ಗಳನ್ನ ಕೂರಿಸಿ, ಗ್ರೀನ್ ಕಾರ್ಡ್ ಇದ್ದು ಅರ್ಜಿ ಹಾಕೋಕೆ ಹೆದರಿ ಕೂತಿದ್ದೋರಿಗೆಲ್ಲ ಫ್ರೀಯಾಗಿ ಫಾರಂ ತುಂಬಿಸಿಕೊಡೋದು, ರಾಜ್ಯ ಸರ್ಕಾರವೂ ಇದಕ್ಕೆ ಕೈ ಜೋಡಿಸ್ತು. ಜೊತೆಗೆ ವೋಟರ್ ರಿಜಿಸ್ಟ್ರೇಶನ್, ಹೊಸ ಸಿಟಿಜನ್‌ಗಳದ್ದೇ 23,000ಕ್ಕೂ ಹೆಚ್ಚು. ಜುಲೈ 4ಕ್ಕೆ ಸಿಯಾಟಲ್ ಸೆಂಟರ್‌ನಲ್ಲಿ ಪ್ರತಿವರ್ಷ ದೊಡ್ಡ ಪ್ರಮಾಣವಚನ ಸಮಾರಂಭ ಆಗುತ್ತೆ, ನೂರಾರು ಜನ, ಹತ್ತಾರು ದೇಶ, ದೇಶದ ಹೆಸರು ಕರೆದಾಗ ಆಯಾ ದೇಶದೋರು ಎದ್ದು ನಿಲ್ತಾರೆ. ಒಂದ್ಸಲ ಹೋಗಿ ನೋಡಿ, ಸೀರೆ ಉಟ್ಟ ಅಜ್ಜಿ, ಹಿಜಾಬ್ ಹಾಕಿದ ಹುಡುಗಿ, ಸೂಟು ಹಾಕ್ಕೊಂಡು ಬೆವರ್ತಿರೋ ಎರಿಟ್ರಿಯಾದ ಅಂಕಲ್, ಸರ್ಟಿಫಿಕೇಟ್ ಹಿಡ್ಕೊಂಡು ಹೊರಗೆ ಬರೋವಾಗ ಅವರ ಮುಖ ನೋಡ್ಬೇಕು. ಆ ಕ್ಷಣದಲ್ಲಿ ಕೈಗೆ ಪೆನ್ನು ಕೊಟ್ಟು ಇಲ್ಲಿ ಸೈನ್ ಮಾಡಿ, ಇನ್ಮೇಲೆ ನಿಮ್ಮ ಮನೆಗೇ ಬ್ಯಾಲೆಟ್ ಬರುತ್ತೆ ಅಂದ್ರೆ ಬೇಡ ಅನ್ನೋರು ಯಾರೂ ಇರಲ್ಲ.

ಅಂದ್ರೆ ಅವರು ಚುನಾವಣೆಗೆ ನಿಲ್ಲೋ ಎಷ್ಟೋ ವರ್ಷ ಮುಂಚೆನೇ ಬೇರೆಯವರ ಕೈಗೆ ವೋಟು ಕೊಡೋ ಕೆಲಸ ಮಾಡ್ತಿದ್ರು. ತಮಗೋಸ್ಕರ ಮಾಡಿದ್ದಲ್ಲ, ಆಗ ನಿಲ್ಲೋ ಯೋಚನೆನೇ ಇರಲಿಲ್ಲ. ಹೊರಗೆ ನಿಂತು ಒತ್ತಡ ಹಾಕೋದೇ ತನ್ನ ಕೆಲಸ ಅಂತ ಬಹಳ ಕಾಲ ನಂಬಿದ್ದೋರು. 2012ರಲ್ಲಿ ವನ್‌ಅಮೆರಿಕ ಬಿಟ್ಟಾಗಲೂ ರಾಜಕೀಯಕ್ಕೆ ಅಂತ ಬಿಟ್ಟಿದ್ದಲ್ಲ.

2013ರಲ್ಲಿ ಇಮಿಗ್ರೇಶನ್ ಸುಧಾರಣೆ ಬಿಲ್ ಮೇಲ್ಮನೆ ಸೆನೆಟ್‌ನಲ್ಲಿ 68-32ರಲ್ಲಿ ಪಾಸ್ ಆಯ್ತು. ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯ್ತಿರೋರಿಗೆಲ್ಲ ನೆನಪಿರುತ್ತೆ, ಎಷ್ಟು ಆಸೆ ಇಟ್ಕೊಂಡಿದ್ರು ಜನ. ಹೌಸ್‌ನಲ್ಲಿ ಅದನ್ನ ವೋಟಿಗೇ ತರಲಿಲ್ಲ. ಸೆಪ್ಟೆಂಬರ್‌ನಲ್ಲಿ ಸಂಸತ್ ಭವನ ಕ್ಯಾಪಿಟಲ್ ಮುಂದಿನ ರಸ್ತೇಲಿ ನೂರಕ್ಕೂ ಹೆಚ್ಚು ಹೆಂಗಸರು ಕೂತು ಅರೆಸ್ಟ್ ಆದ್ರು, ಕೈಗೆ ಬೇಡಿ ಬಿತ್ತು, ಅವರಲ್ಲಿ ಜಯಪಾಲ್ ಒಬ್ಬರು. ಒಳಗಿರೋರು ಬಾಗಿಲು ಹಾಕ್ಕೊಂಡು ಕೂತ್ರೆ ಹೊರಗೆ ಎಷ್ಟು ಜನ ಕೂತ್ರೂ ಆ ಬಿಲ್ ಏಳಲ್ಲ ಅಂತ ಅಲ್ಲಿ ಕಣ್ಣಿಗೆ ಕಟ್ಟಿದ ಹಾಗೆ ಕಂಡಿರಬೇಕು ಅಂತ ನಂಗನ್ಸುತ್ತೆ. ಅದೇ ಹೊತ್ತಲ್ಲಿ ಸಿಯಾಟಲ್ ಮೇಯರ್ ಕನಿಷ್ಠ ಕೂಲಿ ಬಗ್ಗೆ ಮಾಡಿದ ಸಮಿತೀಲೂ ಇದ್ರು, 2014ರ ಜೂನ್‌ನಲ್ಲಿ ಗಂಟೆಗೆ 15 ಡಾಲರ್ ಕಾನೂನು ಸಿಟಿ ಕೌನ್ಸಿಲ್‌ನಲ್ಲಿ ಪಾಸ್ ಆಯ್ತು. ಒಂದು ಕಡೆ ಬೀದೀಲಿ ಅರೆಸ್ಟ್ ಆಗಿ ಬಿಲ್ ಸತ್ತುಹೋಗಿದ್ದು, ಇನ್ನೊಂದು ಕಡೆ ಮೇಜಿನ ಸುತ್ತ ಕೂತು ಕಾನೂನು ಬಂದಿದ್ದು, ಎರಡೂ ಒಂದೇ ವರ್ಷದೊಳಗೆ.

ಅದೇ 2014ರಲ್ಲಿ ರಾಜ್ಯದ ಸೆನೆಟ್ ಸೀಟ್ ಒಂದು ಖಾಲಿ ಆಯ್ತು, 37ನೇ ಜಿಲ್ಲೆ, ಇಲ್ಲಿ ಜಿಲ್ಲೆ ಅಂದ್ರೆ ಮತಕ್ಷೇತ್ರ. ರೇನಿಯರ್ ವ್ಯಾಲಿ, ಕೊಲಂಬಿಯಾ ಸಿಟಿ, ರೇನಿಯರ್ ಬೀಚ್, ಹೌದು, ಅದೇ ಸೋಮಾಲಿ, ಎರಿಟ್ರಿಯನ್, ವಿಯೆಟ್ನಾಮೀಸ್, ಫಿಲಿಪಿನೋ ಜನ ಇರೋ ಏರಿಯಾ. ಅಲ್ಲಿ ಅವರು ಬಾಗಿಲು ತಟ್ಟಿದಾಗ ಪರಿಚಯ ಮಾಡ್ಕೊಳ್ಳೋದೇ ಬೇಕಾಗಿರಲಿಲ್ಲ. ಆರಾಮಾಗಿ ಗೆದ್ರು. 49 ಜನರ ಆ ಸೆನೆಟ್‌ನಲ್ಲಿ ಬಿಳಿಯರಲ್ಲದ ಹೆಂಗಸು ಆಗ ಅವರೊಬ್ಬರೇ ಇದ್ರು ಅನ್ನೋದು ಬೇಜಾರಿನ ಸಂಗತಿ. ವಿರೋಧ ಪಕ್ಷದಲ್ಲಿ ಕೂತಿದ್ರೂ, ರಸ್ತೆ ಕಾಮಗಾರಿ ದುಡ್ಡಲ್ಲಿ ಒಂದು ಪಾಲು ಹೆಂಗಸರಿಗೆ ಮತ್ತು ಬಿಳಿಯರಲ್ಲದವರಿಗೆ ಆ ಕೆಲಸದ ತರಬೇತಿ ಕೊಡೋಕೆ ಹೋಗೋ ಹಾಗೆ ಮಾಡಿಸಿದ್ರು. ಸುದ್ದಿ ಆಗೋ ವಿಷಯ ಅಲ್ಲ ಇದು, ಆದ್ರೆ ಕ್ರೇನ್ ಓಡಿಸೋ ಕೆಲಸ ಸಿಕ್ಕ ಹೆಣ್ಮಗಳ ಮನೇಲಿ ಇದು ದೊಡ್ಡದು.

2016ರ ಕಾಂಗ್ರೆಸ್ ಚುನಾವಣೆ ನಿಮಗೆ ಗೊತ್ತಿರೋದೇ. ನಮ್ಮ ರಾಜ್ಯದಲ್ಲಿ ಪ್ರೈಮರೀಲಿ, ಅಂದ್ರೆ ಮೊದಲ ಸುತ್ತಲ್ಲಿ, ಮುಂದಿರೋ ಇಬ್ಬರು, ಯಾವ ಪಕ್ಷದೋರಾದ್ರೂ ಸರಿ, ನವೆಂಬರ್‌ಗೆ ಹೋಗ್ತಾರೆ, ಹಾಗಾಗಿ ಕೊನೇ ಸುತ್ತಲ್ಲಿ ಇದ್ದಿದ್ದು ಇಬ್ಬರೂ ಡೆಮಾಕ್ರಾಟ್‌ಗಳೇ. ಇವರಿಗೆ ಸುಮಾರು 56 ಪರ್ಸೆಂಟ್ ಬಂತು. ಅದೇ ರಾತ್ರಿ ಟ್ರಂಪ್ ಗೆದ್ದಿದ್ದು.

2017ರ ಜನವರಿ ಕೊನೇಲಿ ಟ್ರಾವೆಲ್ ಬ್ಯಾನ್ ಬಂತಲ್ಲ, ಅಮೆರಿಕಕ್ಕೆ ಬರೋ ಹಾಗಿಲ್ಲ ಅಂತ ಏಳು ದೇಶದ ಪಟ್ಟಿ, ಅದರಲ್ಲಿ ಸೋಮಾಲಿಯಾ ಇತ್ತು. ಪ್ರಮಾಣವಚನ ತಗೊಂಡು ಒಂದು ತಿಂಗಳೂ ಆಗಿರಲಿಲ್ಲ, ಸಿಯಾಟಲ್‌ನ ಸೀಟ್ಯಾಕ್ ಏರ್‌ಪೋರ್ಟಲ್ಲಿ ಜನರನ್ನ ಹಿಡಿದಿಟ್ಟಿದಾರೆ ಅಂದಾಗ ಅಲ್ಲಿಗೆ ಹೋಗಿ ನಿಂತ್ರು. 2018ರ ಜೂನ್‌ನಲ್ಲಿ ಗಡಿ ದಾಟಿ ಬಂದ ತಾಯಂದಿರಿಂದ ಮಕ್ಕಳನ್ನ ಕಿತ್ಕೊಂಡು, ಆ ತಾಯಂದಿರಲ್ಲಿ ಎಷ್ಟೋ ಜನರನ್ನ ಇಲ್ಲಿಗೆ, ಸೀಟ್ಯಾಕ್‌ನ ಫೆಡರಲ್ ಜೈಲಿಗೆ ತಂದು ಹಾಕಿದ್ರು. ಹೊರಗೆ ನಮ್ಮಂಥೋರು ಬೋರ್ಡ್ ಹಿಡ್ಕೊಂಡು ನಿಂತಿದ್ವಿ. ಜಯಪಾಲ್ ಒಳಗೆ ಹೋದ್ರು, ಕಾಂಗ್ರೆಸ್ ಸದಸ್ಯೆ ಅಂತ ಬಾಗಿಲು ತೆಗೆದ್ರು. ಅಲ್ಲಿದ್ದ 174 ಹೆಂಗಸರನ್ನ ಮಾತಾಡಿಸಿ ಬಂದು, ಪಕ್ಕದ ರೂಮಲ್ಲಿ ತಮ್ಮ ಮಕ್ಕಳು ಅಳೋ ಸದ್ದು ಕೇಳ್ತಿತ್ತು, ನೋಡೋಕೆ ಬಿಡಲಿಲ್ಲ ಅಂತ ಆ ತಾಯಂದಿರು ಹೇಳಿದ್ದನ್ನ ಇಡೀ ದೇಶಕ್ಕೆ ಕೇಳೋ ಹಾಗೆ ಹೇಳಿದ್ರು. ಅವರು ಮಾಡಿದ್ದು 2001ರಲ್ಲಿ ಮಾಡಿದ ಕೆಲಸವೇ. ಜೊತೆಗೆ ಈಗ ಒಳಗೆ ಹೋಗೋ ದಾರಿ ಇತ್ತು. ಆ ದಿನದ ಆಮೇಲೆ ಸಮಾಜಸೇವೆ ಬೇರೆ ರಾಜಕೀಯ ಬೇರೆ, ರಾಜಕೀಯ ನಮಗೆ ಬೇಡ ಅನ್ನೋ ಮಾತು ಯಾರಾದ್ರೂ ಆಡಿದ್ರೆ ನಂಗೆ ತಡ್ಕೊಳ್ಳೋಕಾಗಲ್ಲ.

ಇನ್ನು ನಮ್ಮ ಮನೆ ಹತ್ರದ ಕಥೆ ಒಂದಿದೆ, ಇದೂ ಅಷ್ಟೇ ಚೆನ್ನಾಗಿದೆ. ಮಂಕಾ ಧಿಂಗ್ರಾ. ಭೋಪಾಲ್‌ನಲ್ಲಿ ಹುಟ್ಟಿ ಹದಿಮೂರನೇ ವಯಸ್ಸಿಗೆ ಇಲ್ಲಿಗೆ ಬಂದ ಸಿಖ್ ಹೆಣ್ಮಗಳು. 1996ರಲ್ಲಿ ಛಾಯಾ ಅನ್ನೋ ಸಂಸ್ಥೆ ಕಟ್ಟೋದ್ರಲ್ಲಿ ಇದ್ರು, ಮನೇಲಿ ಹೊಡೆತ ತಿನ್ನೋ ದಕ್ಷಿಣ ಏಷ್ಯಾದ ಹೆಂಗಸರಿಗೋಸ್ಕರ. ನಮ್ಮಲ್ಲಿ ಇದು ಎಷ್ಟು ಕಷ್ಟದ ಕೆಲಸ ಅಂತ ಗೊತ್ತಲ್ವಾ, ಗಂಡನ ಕೆಲಸದ ವೀಸಾ ಮೇಲೆ ನಿಂತಿರೋ ಎಚ್-4 ವೀಸಾದಲ್ಲಿ ಬಂದ ಹುಡುಗಿ, ಕೈಯಲ್ಲಿ ಸ್ವಂತ ದುಡ್ಡಿಲ್ಲ, ಡ್ರೈವಿಂಗ್ ಬರಲ್ಲ, ಗಂಡನ ಕೆಲಸ ಹೋದ್ರೆ ತನ್ನ ವೀಸಾನೂ ಹೋಗುತ್ತೆ, ಊರಿಗೆ ಫೋನ್ ಮಾಡಿದ್ರೆ ಹೊಂದ್ಕೊಂಡು ಹೋಗಮ್ಮ ಅಂತಾರೆ. ಅಂಥ ಹುಡುಗಿ ಫೋನ್ ಮಾಡಿದಾಗ ಅವಳ ಭಾಷೇಲಿ ಮಾತಾಡೋರು ಒಬ್ಬರು ಇರ್ಬೇಕು ಅಂತ ಕಟ್ಟಿದ್ದು. ಧಿಂಗ್ರಾ ಆಮೇಲೆ ಸಿಯಾಟಲ್ ಇರೋ ಕಿಂಗ್ ಕೌಂಟೀಲಿ ಸರ್ಕಾರಿ ವಕೀಲೆ ಆಗಿ ಮಾನಸಿಕ ಕಾಯಿಲೆ ಇರೋರ ಕೇಸ್ ನೋಡೋ ಕೋರ್ಟಲ್ಲಿ ಕೆಲಸ ಮಾಡಿದ್ರು. 2016ರ ಚುನಾವಣೆ ನೋಡಿ ರಾಜಕೀಯಕ್ಕೆ ಇಳಿದ್ರು, ಮರುವರ್ಷವೇ ನಮ್ಮ 45ನೇ ಜಿಲ್ಲೆಯ ಸೆನೆಟ್ ಸೀಟಿಗೆ ನಿಂತು ಗೆದ್ರು. ಆ ಒಂದು ಸೀಟಿಂದ ಇಡೀ ರಾಜ್ಯ ಸೆನೆಟ್ 25-24 ಆಗಿ ಡೆಮಾಕ್ರಾಟ್‌ಗಳ ಕೈಗೆ ಬಂತು. 2024ರಲ್ಲಿ ರಾಜ್ಯದ ಅಟಾರ್ನಿ ಜನರಲ್‌ಗೆ ನಿಂತು ಪ್ರೈಮರೀಲೇ ಸೋತ್ರು, ಅದೂ ಇದರ ಭಾಗವೇ. ಜಯಪಾಲ್ ಅಕ್ಕ ಸುಶೀಲಾ ಕೂಡ ಒರೆಗಾನ್‌ನಲ್ಲಿ ಕೌಂಟಿ ಕಮಿಷನರ್ ಆಗಿ ಗೆದ್ದೋರು, 2024ರಲ್ಲಿ ಕಾಂಗ್ರೆಸ್‌ಗೆ ನಿಂತು ಸೋತ್ರು.

ಈಗ ನಮ್ಮ ವಿಷಯಕ್ಕೆ ಬರ್ತೀನಿ. 2022ರಲ್ಲಿ ಕೆನಡಾ ಸಂಸತ್ತಲ್ಲಿ ಶಿರಾ ತಾಲೂಕಿನ ಚಂದ್ರ ಆರ್ಯ ಕನ್ನಡದಲ್ಲಿ ಮಾತಾಡಿದ ವಿಡಿಯೋ ನಾವೆಲ್ಲ ಎಷ್ಟು ಸಲ ಫಾರ್ವರ್ಡ್ ಮಾಡಿದ್ವಿ, ಕಣ್ಣಲ್ಲಿ ನೀರು ಬಂದಿತ್ತು ನಂಗೆ. ಆದ್ರೆ ಅಮೆರಿಕದಲ್ಲಿ ಇಷ್ಟೊಂದು ಕನ್ನಡಿಗರು ಇದೀವಿ, ಊರೂರಿಗೂ ಕನ್ನಡ ಸಂಘ ಇದೆ, ಅಲ್ಲೆಲ್ಲ ನಿಜವಾಗಿ ಹೆಗಲು ಕೊಡೋರು ಹೆಣ್ಮಕ್ಳೇ. ರಾಜ್ಯೋತ್ಸವಕ್ಕೆ ಹಾಲ್ ಬುಕ್ ಮಾಡೋದ್ರಿಂದ ಹಿಡಿದು ಐನೂರು ಜನಕ್ಕೆ ಬಿಸಿಬೇಳೆಬಾತ್ ಲೆಕ್ಕ ಹಾಕೋದು, ಭಾನುವಾರ ಕನ್ನಡ ಕಲಿ ಕ್ಲಾಸ್ ನಡೆಸೋದು, ಪ್ರಾಯೋಜಕರ ಹತ್ರ ದುಡ್ಡು ಎತ್ತೋದು, ಮುನಿಸಿಕೊಂಡ ಇಬ್ಬರನ್ನ ಒಂದೇ ಕಮಿಟೀಲಿ ಕೂರಿಸೋದು. ಚುನಾವಣಾ ಪ್ರಚಾರ ಅಂದ್ರೆ ಇನ್ನೇನು, ಇದೇ ತಾನೆ. ಬುದ್ಧಿ ಇದೆ, ಶಕ್ತಿ ಇದೆ, ಜನ ಸೇರಿಸೋ ಕಲೆ ಇದೆ. ಆದ್ರೂ ದಾರಿ ಅಲ್ಲಿಗೇ ನಿಂತುಬಿಡುತ್ತೆ.

ಯಾಕೆ ನಿಲ್ಲುತ್ತೆ ಅಂತ ನಾನು ಬಹಳ ಯೋಚನೆ ಮಾಡಿದೀನಿ. ಇಂಗ್ಲಿಷ್ ಉಚ್ಚಾರಣೆ ಅಂತಾರೆ, ಟೈಮ್ ಇಲ್ಲ ಅಂತಾರೆ, ವೀಸಾ ಅಂತಾರೆ, ಎಲ್ಲ ಸ್ವಲ್ಪ ಸ್ವಲ್ಪ ನಿಜ. ನಂಗನ್ಸೋದು, ನಾವು ಮಾಡೋ ಕೆಲಸ ಎಲ್ಲ ನಮ್ಮೋರಿಗೇ. ಅದು ತಪ್ಪಲ್ಲ, ಭಾಷೆ ಉಳಿಸ್ಬೇಕು, ಮಕ್ಕಳಿಗೆ ಕಲಿಸ್ಬೇಕು, ಅದನ್ನ ನಾವು ಮಾಡ್ದೆ ಇನ್ಯಾರು ಮಾಡ್ತಾರೆ. ಆದ್ರೆ ಒಂದು ಜಿಲ್ಲೇಲಿ ನಿಂತು ವೋಟ್ ಕೇಳ್ಬೇಕು ಅಂದ್ರೆ, ನಮ್ಮ ಬೀದೀಲಿರೋ ಮೆಕ್ಸಿಕೋದ ಕುಟುಂಬಕ್ಕೆ, ರಷ್ಯನ್ ಅಜ್ಜಿಗೆ, ಬಾಡಿಗೆ ಕಟ್ಟೋಕೆ ಒದ್ದಾಡೋ ಬಿಳಿ ಹುಡುಗನಿಗೆ ನಾವು ಏನಾಗಬೇಕು, ಯಾವತ್ತಾದ್ರೂ ಅವರ ಕಷ್ಟಕ್ಕೆ ಹೋಗಿ ನಿಂತಿದೀವಾ ಅನ್ನೋದೇ ಪ್ರಶ್ನೆ. ಜಯಪಾಲ್ ಸೋಮಾಲಿ ಅಂಗಡಿಗೆ ಹೋಗಿದ್ದು ಇದಕ್ಕೇ ಮುಖ್ಯ ಅಂತ ನಾನು ಹೇಳ್ತಿರೋದು. ತಮ್ಮೋರಲ್ಲದವರ ಕಷ್ಟ ತನ್ನದು ಅಂದ್ಕೊಂಡ ದಿನವೇ ಅವರು ಇಡೀ ಊರಿನ ಪ್ರತಿನಿಧಿ ಆಗಿಬಿಟ್ಟಿದ್ರು, ಬ್ಯಾಲೆಟ್‌ನಲ್ಲಿ ಹೆಸರು ಬರೋಕೆ ಇನ್ನೂ ಹದಿಮೂರು ವರ್ಷ ಇತ್ತು ಅಷ್ಟೇ.

ಹೋದ ಸಲದ ಸ್ಕೂಲ್ ಬೋರ್ಡ್ (ಊರಿನ ಸರ್ಕಾರಿ ಶಾಲೆಗಳನ್ನ ನೋಡ್ಕೊಳ್ಳೋ ಮಂಡಳಿ) ಚುನಾವಣೆ ಹೊತ್ತಲ್ಲಿ ಒಬ್ಬ ಅಭ್ಯರ್ಥಿ ಪರವಾಗಿ ಬಾಗಿಲು ತಟ್ಟೋಕೆ ನನ್ನ ಜೊತೆ ಹಾಸನದ ಕಡೆಯ ಒಬ್ಬ ಅಕ್ಕ ಬಂದಿದ್ರು, ಅರವತ್ತು ದಾಟಿದೆ, ಇಲ್ಲಿ ಮಗನ ಮನೇಲಿದಾರೆ, ಸಿಟಿಜನ್ ಆಗಿ ಸ್ವಲ್ಪ ದಿನ ಆಗಿದೆ. ಫೋನಲ್ಲಿ ಆ್ಯಪ್ ತೆಗೆದ್ರೆ ಯಾವ ಮನೇಲಿ ಯಾವ ವೋಟರ್ ಇದಾರೆ ಅಂತ ಬರುತ್ತೆ, ತಟ್ಟಿ ಎರಡು ಹೆಜ್ಜೆ ಹಿಂದೆ ನಿಲ್ಬೇಕು, ಯಾರೂ ತೆಗೀಲಿಲ್ಲ ಅಂದ್ರೆ ಕಾಗದ ಬಾಗಿಲ ಹಿಡಿಕೆಗೆ ಸಿಕ್ಕಿಸಬೇಕು, ಮೇಲ್‌ಬಾಕ್ಸ್‌ಗೆ ಹಾಕೋ ಹಾಗಿಲ್ಲ, ಅದು ಫೆಡರಲ್ ಕಾನೂನು. "ನಂಗೆ ಇಂಗ್ಲಿಷ್ ಅಷ್ಟಕ್ಕಷ್ಟೆ ಕಣಮ್ಮ, ನೀನೇ ಮಾತಾಡು" ಅಂತಿದ್ರು ಅಕ್ಕ. ಮಳೆ ಬೇರೆ ಹಿಡಿದಿತ್ತು. ಒಂದು ಮನೇಲಿ ವಯಸ್ಸಾದ ಬಿಳಿ ಹೆಂಗಸು ಬಾಗಿಲು ತೆಗೆದ್ರು, ನಾನು ಸ್ಕೂಲ್ ಬೋರ್ಡ್, ಶಾಲೆಗೆ ಅಂತ ಹಾಕೋ ತೆರಿಗೆ ಲೆವಿ, ಅಂತೆಲ್ಲ ಶುರು ಮಾಡಿದೆ, ಅವರು ಬೇಡ ಬೇಡ ಅನ್ನೋ ಹಾಗೆ ತಲೆ ಆಡಿಸ್ತಿದ್ರು. ಅಷ್ಟರಲ್ಲಿ ಅಕ್ಕ ಅವರ ಮಂಡಿಗೆ ಕಟ್ಟಿದ್ದ ಪಟ್ಟಿ ನೋಡಿ "ಆಪರೇಶನ್?" ಅಂದ್ರು, ತಮ್ಮ ಮಂಡಿ ಮುಟ್ಟಿ "ಮೀ ಟೂ" ಅಂದ್ರು. ಆಮೇಲೆ ಹತ್ತು ನಿಮಿಷ ಅವರಿಬ್ಬರದೇ ಮಾತು, ನಾನು ಛತ್ರಿ ಹಿಡ್ಕೊಂಡು ನಿಂತಿದ್ದೆ. ಕೊನೇಗೆ ಆಯಮ್ಮನೇ ಕಾಗದ ಇಸ್ಕೊಂಡು, ನನ್ನ ಮೊಮ್ಮಗನೂ ಆ ಸ್ಕೂಲಿಗೇ ಹೋಗೋದು, ಸ್ಪೆಷಲ್ ಎಜುಕೇಶನ್‌ಗೆ ಟೀಚರ್ ಸಾಲ್ತಿಲ್ಲ ಅಂತ ಮಗಳು ಅಳ್ತಾಳೆ ಅಂದ್ರು. ಅಕ್ಕ ಕಾರ್ ಹತ್ತಿ ಕೂತ್ಮೇಲೆ ಕೇಳಿದ್ದು ಒಂದೇ, "ಆ ಟೀಚರ್ ವಿಷಯ ಯಾರ ಹತ್ರ ಕೇಳ್ಬೇಕಮ್ಮ?"

ಆ ಪ್ರಶ್ನೆಗೆ ಉತ್ತರ ಸ್ಕೂಲ್ ಬೋರ್ಡ್. ಅದರ ಮೀಟಿಂಗ್ ಯಾರು ಬೇಕಾದ್ರೂ ಹೋಗಿ ಕೂರಬಹುದು, ಹೆಸರು ಕೊಟ್ಟು ಮಾತಾಡಬಹುದು, ಸಿಟಿಜನ್ ಆಗಿರ್ಬೇಕು ಅಂತೇನಿಲ್ಲ.

ಎಚ್-1ಬಿ ಕೆಲಸದ ವೀಸಾ, ಎಚ್-4ನಲ್ಲಿ ಇರೋರು ಕೇಳ್ತೀರ, ನಮಗೇನಿದೆ ಇಲ್ಲಿ ಅಂತ. ಇದೆ. ವೋಟ್ ಹಾಕೋ ಹಾಗಿಲ್ಲ, ಪ್ರಚಾರಕ್ಕೆ ದುಡ್ಡು ಕೊಡೋ ಹಾಗಿಲ್ಲ, ಒಂದು ಡಾಲರ್ ಕೂಡ ಕೊಡಬೇಡಿ, ಅದು ಅಪರಾಧ. ಆದ್ರೆ ಸಂಬಳ ಇಲ್ಲದೆ ವಾಲಂಟಿಯರ್ ಆಗಿ ಬಾಗಿಲು ತಟ್ಟಬಹುದು, ಫೋನ್ ಮಾಡಬಹುದು. ಗ್ರೀನ್ ಕಾರ್ಡ್ ಬಂದೋರು ದುಡ್ಡೂ ಕೊಡಬಹುದು. ಸಿಟಿಜನ್ ಆಗಿರೋರಿಗೆ ಎಲ್ಲಕ್ಕಿಂತ ಸಣ್ಣ ಮೆಟ್ಟಿಲು ಪ್ರೀಸಿಂಕ್ಟ್ ಕಮಿಟಿ ಆಫೀಸರ್, ಅಂದ್ರೆ ನಮ್ಮ ನಾಲ್ಕೈದು ಬೀದಿಗೆ ಪಕ್ಷದ ಪ್ರತಿನಿಧಿ. ನಮ್ಮ ರಾಜ್ಯದಲ್ಲಿ ಸಮ ಸಂಖ್ಯೆಯ ವರ್ಷಗಳಲ್ಲಿ ಮೇ ತಿಂಗಳಲ್ಲಿ ಹೆಸರು ಕೊಡಬೇಕು, ಫೀಸಿಲ್ಲ, ಎಷ್ಟೋ ಕಡೆ ಯಾರೂ ನಿಲ್ಲಲ್ಲ, ಒಬ್ಬರೇ ಹೆಸರು ಕೊಟ್ರೆ ಅವರೇ ಗೆದ್ದ ಹಾಗೆ. ಶಾಸಕರು ಅರ್ಧದಲ್ಲಿ ರಾಜೀನಾಮೆ ಕೊಟ್ರೆ ಅವರ ಜಾಗಕ್ಕೆ ಯಾರ ಹೆಸರು ಕಳಿಸ್ಬೇಕು ಅಂತ ವೋಟ್ ಮಾಡೋದು ಈ ಜನಾನೇ, ಇದು ನಮ್ಮೋರಿಗೆ ಬಹಳ ಜನಕ್ಕೆ ಗೊತ್ತಿಲ್ಲ. ಸ್ಕೂಲ್ ಬೋರ್ಡ್ ಬೆಸ ವರ್ಷಗಳಲ್ಲಿ, ಅದಕ್ಕೂ ಮೇ ತಿಂಗಳೇ, ಅದಕ್ಕೂ ಫೀಸಿಲ್ಲ.

ಅಕ್ಕ ಮುಂದಿನ ಮೀಟಿಂಗ್‌ನಲ್ಲಿ ಆ ಟೀಚರ್ ವಿಷಯ ಕೇಳ್ತೀನಿ ಅಂತ ಹೇಳಿದಾರೆ, ಕನ್ನಡದಲ್ಲಿ ಬರ್ಕೊಟ್ಟಿದ್ದನ್ನ ನಾನು ಇಂಗ್ಲಿಷ್ ಮಾಡಿಕೊಟ್ಟಿದೀನಿ, ಓದೋದು ಅವರೇ. ಈಸ್ಟ್‌ಸೈಡ್‌ನಲ್ಲಿ, ಅಂದ್ರೆ ರೆಡ್ಮಂಡ್ ಸುತ್ತಮುತ್ತ, ಇರೋರು ಯಾರಾದ್ರೂ ಜೊತೆಗೆ ಬರ್ತೀರ ಅಂದ್ರೆ ಮೆಸೇಜ್ ಹಾಕಿ, ನನ್ನ ಕಾರಲ್ಲಿ ಇನ್ನೂ ಮೂರು ಸೀಟಿದೆ.